ಲಾಭದಿಂದ ಶುರುವಾಗುವ ಎಣಿಕೆ

ನಾನು ಹುಟ್ಟಾ ಅಂಜುಬುರುಕಿ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೇಳದಿದ್ದರೂ ನನ್ನ ಜೊತೆ ಒಂದು ದಿನ ಬಸ್ಸಿನಲ್ಲಿ ಬಂದವರಿಗೆ ತಾನಾಗಿ ಗೊತ್ತಾಗುತ್ತದೆ. ಬಸವಕಲ್ಯಾಣದಲ್ಲಿ ಬಸ್ಸು ಹತ್ತಿ ಕೂತ ಕೂಡಲೇ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯ ಶುರುವಾಗುತ್ತದೆ. ಹೆದ್ದಾರಿ ಮುಟ್ಟುವ ಹೊತ್ತಿಗೆ ಸಂಶಯ ಬಾಗಿಲ ಕೀಲಿಯ ಮೇಲೆ ಹೋಗಿರುತ್ತದೆ. ಮನೆಯವರಿಗೆ ಫೋನು ಮಾಡಿದರೆ ಅವರು ಅಂಗಡಿಯಲ್ಲಿ ಕೂತೇ, "ಎಲ್ಲಾ ಬಂದ್ ಮಾಡೀದಿ, ಕೀಲಿನೂ ಹಾಕೀದಿ, ಸುಮ್ನ ಸಾಲಿಗಿ ಹೋಗು" ಅನ್ನುತ್ತಾರೆ. ಅವರು ನೋಡಿರುವುದಿಲ್ಲ. ಅದು ಗೊತ್ತಿದ್ದೂ ನನಗೆ ಸ್ವಲ್ಪ ಸಮಾಧಾನವಾಗುತ್ತದೆ.

ನನ್ನ ಶಾಲೆ ಹುಮನಾಬಾದ ಕಡೆಯ ಒಂದು ಹಳ್ಳಿಯಲ್ಲಿದೆ. ನಾಲ್ಕನೆಯ ತರಗತಿಗೆ ಗಣಿತ ಹೇಳುತ್ತೇನೆ. ಅದರಲ್ಲಿ ಅಳತೆಯ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ಜಗತ್ತಿನಲ್ಲಿ ಯಾವುದನ್ನೂ ನಂಬುವಂತಿಲ್ಲ, ಆದರೆ ಲೀಟರು ಮಾತ್ರ ಎಲ್ಲಿ ಹೋದರೂ ಲೀಟರೇ ಎಂದು ಬಹಳ ವರ್ಷ ನಂಬಿಕೊಂಡಿದ್ದವಳು ನಾನು. ಆ ಪಾಠದ ದಿನ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತೇನೆ. ಬಕೆಟ್ಟು, ಲೀಟರಿನ ಜಗ್ಗು, ಅರ್ಧ ಲೀಟರಿನ ನೀರಿನ ಬಾಟಲಿ, ಚಹಾದ ಲೋಟ, ಮುಚ್ಚಳಗಳು, ಎಲ್ಲವೂ ಹೊರಗೆ ಬರುತ್ತವೆ. ಯಾವುದರಲ್ಲಿ ಎಷ್ಟು ಹಿಡಿಯುತ್ತದೆ ಎಂದು ಮೊದಲು ಊಹಿಸಬೇಕು, ಆಮೇಲೆ ಅಳೆದು ನೋಡಬೇಕು. ಕೊನೆಗೆ ಆ ನೀರು ಬೇವಿನ ಗಿಡಕ್ಕೆ ಹೋಗುತ್ತದೆ, ಅರ್ಧ ಮಕ್ಕಳ ಮೈಮೇಲೆ ಹೋಗುತ್ತದೆ.

ಆ ವರ್ಷ, ಚಳಿಗಾಲದಲ್ಲಿ, ಒಂದೇ ಬಕೆಟ್ಟನ್ನು ಎರಡು ಗುಂಪುಗಳಿಗೆ ಒಂದರ ನಂತರ ಒಂದು ಕೊಟ್ಟೆ. ಮೊದಲ ಗುಂಪು ಹತ್ತು ಲೀಟರ್ ಅಂದಿತು. ಎರಡನೆಯದು ಒಂಬತ್ತು ಅಂದಿತು. ಎರಡೂ ಕಡೆ ಬಕೆಟ್ಟು ಕಂಠದ ತನಕ ತುಂಬಿತ್ತು. ಮಕ್ಕಳು ಜಗಳಕ್ಕೆ ನಿಂತರು. ಒಬ್ಬನಂತೂ ಬಕೆಟ್ಟೇ ತೂತು ಬಿದ್ದಿದೆ ಎಂದು ಅದನ್ನು ತಿರುವಿಹಾಕಿ ನೋಡಿದ.

ಎರಡನೆಯ ಗುಂಪಿನಲ್ಲಿ ನೀರು ಹಾಕಿದವಳು ಒಬ್ಬ ತೆಳ್ಳನೆಯ ಹುಡುಗಿ. ಮಾತು ಕಡಿಮೆ. ಯಾವ ಪಾತ್ರೆ ಮುಟ್ಟುವ ಮುಂಚೆಯೂ ಎರಡೂ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುವುದು ಅವಳ ರೂಢಿ. "ಇನ್ನೊಮ್ಮೆ ಹಾಕು, ನಾ ನೋಡ್ತೀನಿ" ಅಂದೆ. ಅವಳು ಕೈ ಒರೆಸಿಕೊಂಡು ಮೊದಲ ಜಗ್ಗು ಸುರಿದಳು, "ಲಾಭ" ಅಂದಳು. ಎರಡನೆಯದು ಸುರಿದು "ಒಂದು" ಅಂದಳು.

ಕಾಳು ಅಳೆಯುವಾಗ ಮೊದಲ ಸೇರಿಗೆ ಲಾಭ ಅನ್ನುವುದು ನಮ್ಮ ಕಡೆ ಹೊಸದೇನಲ್ಲ. ಒಂದು ಎಂದರೆ ಅಲ್ಲಿಗೇ ಮುಗಿದಂತೆ, ಲಾಭ ಎಂದರೆ ಬೆಳೆಯುತ್ತದೆ ಎಂದು ಹಿರಿಯರ ಲೆಕ್ಕ. ಆದರೆ ನಮ್ಮ ಮನೆಯಲ್ಲಿ ಲಾಭದ ನಂತರ ಬರುವುದು ಎರಡು. ಲಾಭವೆಂದರೆ ಒಂದೇ, ಹೆಸರು ಬೇರೆ ಅಷ್ಟೇ. ಲಾಭವಾದ ಮೇಲೆ ಒಂದು ಎನ್ನುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಲಾಭ ಯಾಕ ಎಣಿಸಲಿಲ್ಲ?" ಎಂದು ಕೇಳಿದೆ.

"ಎಣಿಸಬಾರದ್ರಿ. ಅದು ದೇವರದು. ನಮ್ಮಜ್ಜ ಹಂಗೇ ಅಳೀತಿದ್ದರಿ."

ಅವಳ ಅಜ್ಜ ಸುತ್ತಲಿನ ಊರುಗಳ ಕಣಗಳಲ್ಲಿ ರಾಶಿ ಅಳೆಯುತ್ತಿದ್ದವರಂತೆ. ಮೊದಲ ಸೇರನ್ನು ದೇವರ ಪಾಲೆಂದು ಬದಿಗೆ ಸುರಿದು, ಆಮೇಲೆ ಎಣಿಸುತ್ತಿದ್ದರಂತೆ. ಅಜ್ಜ ಹೋಗಿ ವರ್ಷಗಳಾಗಿದ್ದವು, ಸೇರೂ ಹೋಗಿತ್ತು, ಎಣಿಕೆ ಮಾತ್ರ ಮನೆಯಲ್ಲಿ ಉಳಿದಿತ್ತು. ಮನೆಯವರೆಲ್ಲ ನೀರು, ಹಿಟ್ಟು, ಎಣ್ಣೆ, ಏನು ಅಳೆದರೂ ಹಾಗೆಯೇ ಅಳೆಯುತ್ತಿದ್ದರು.

ನನಗೆ ನಗು ಬಂತು, ಖುಷಿಯೂ ಆಯಿತು. ಆದರೆ ಗಣಿತದ ಟೀಚರು ಸುಮ್ಮನೆ ಬಿಡುತ್ತಾಳೆಯೇ. "ರಾಶಿಗಿ ಲಾಭ ಇರ್ಲಿ. ಲೀಟರಿಗಿ ಲಾಭಿಲ್ಲ. ಮೊದಲನೇದು ಒಂದೇ" ಎಂದು ಮತ್ತೆ ಮತ್ತೆ ಹಾಕಿಸಿದೆ. ಅವಳ ಬಾಯಿಗೆ ಲಾಭವೇ ಬರುತ್ತಿತ್ತು, ನಾಲಿಗೆ ಕಚ್ಚಿಕೊಂಡು ನಿಲ್ಲುತ್ತಿದ್ದಳು. ಕೊನೆಗೊಮ್ಮೆ ಒಂದರಿಂದ ಹತ್ತರವರೆಗೆ ಸರಿಯಾಗಿ ಎಣಿಸಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಏನಾದರೊಂದನ್ನು ಅಳೆದು ಬಂದು ಹೇಳಿ ಎಂದು ಎಲ್ಲರಿಗೂ ಮನೆಗೆಲಸ ಕೊಟ್ಟು ಪಾಠ ಮುಗಿಸಿದೆ.

ಮುಂದಿನ ವಾರ ಒಬ್ಬೊಬ್ಬರೇ ಎದ್ದು ಹೇಳತೊಡಗಿದರು. ಒಬ್ಬಳು ಆಡಿನ ಹಾಲು ಅಳೆದಿದ್ದಳು, ಇನ್ನೊಬ್ಬ ಅಪ್ಪನ ಚಹಾ ಅಳೆಯಲು ಹೋಗಿ ಬೈಸಿಕೊಂಡಿದ್ದ. ಈ ಹುಡುಗಿ ಎದ್ದು ನಿಂತಳು. ಅವಳ ಮುಖದಲ್ಲಿ ಅಂಥ ಕಳೆ ನಾನು ಮುಂಚೆ ಕಂಡಿರಲಿಲ್ಲ.

"ಟೀಚರ್‌ರಿ, ತಮ್ಮನ ಔಷಧ ನಾನೇ ಹಾಕ್ತೀನ್ರಿ. ತಪ್ಪಾಗಾಕತ್ತಿತ್ತರಿ. ನೀವು ಹೇಳಿದ ದಿನದಿಂದ ಲಾಭ ತೆಗೆದು ಬರೋಬರಿ ಹಾಕಾಕತ್ತೇನ್ರಿ."

"ಶಾಬಾಶ್" ಅಂದೆ. ಅಂದು ಮುಂದಿನ ಹುಡುಗನ ಕಡೆ ತಿರುಗಿಯೂ ಬಿಟ್ಟೆ. ಅವನು ಮಜ್ಜಿಗೆಯ ಬಗ್ಗೆ ಏನೋ ಹೇಳುತ್ತಿದ್ದ. ಅವನ ಮಾತು ಕೇಳುತ್ತ ಕೇಳುತ್ತ, ಅವಳು ಔಷಧ ಎಂದದ್ದು ನನಗೆ ತಡವಾಗಿ ಕೇಳಿಸಿತು. ಅವನನ್ನು ಅರ್ಧಕ್ಕೇ ಕೂಡಿಸಿ ಹುಡುಗಿಯನ್ನು ಹತ್ತಿರ ಕರೆದೆ.

"ಯಾವ ಔಷಧವ್ವ?"

"ಫಿಟ್ಸಿಂದರಿ."

"ಎಷ್ಟ ಹಾಕ್ತಿ?"

"ನಾಕ್‌ರಿ. ಸಣ್ಣ ನಳಿಗಿ ಐತಿ, ಅದರಲೆ ನಾಕ."

"ಮೊದಲ?"

"ಮೊದಲನೂ ನಾಕ್‌ರಿ. ಅದಕ್ಕಿಂತ ಮೊದಲ ಲಾಭ ಬ್ಯಾರೆ."

"ನಾಕ ಅಂತ ಯಾರ ಹೇಳ್ಯಾರ?"

"ಅವ್ವ."

"ಡಾಕ್ಟರ್ ಎಷ್ಟ ಹೇಳ್ಯಾರ?"

ಅವಳಿಗೆ ಗೊತ್ತಿರಲಿಲ್ಲ. ದವಾಖಾನೆಗೆ ಹೋಗಿದ್ದವಳು ಅವ್ವ. ಔಷಧದ ಜೊತೆ ಬಂದಿದ್ದ ಅಳತೆಯ ಮುಚ್ಚಳ ಒಡೆದುಹೋದ ಮೇಲೆ, ಹಳೆಯ ಟಾನಿಕ್ಕಿನ ಡ್ರಾಪರನ್ನು ತೊಳೆದಿಟ್ಟು ಅದರಿಂದಲೇ ಹಾಕುತ್ತಿದ್ದರು. ಅವ್ವ ನಸುಕಿನಲ್ಲೇ ಕೂಲಿಗೆ ಹೋಗುತ್ತಾಳೆ, ಕತ್ತಲಾದ ಮೇಲೆ ಬರುತ್ತಾಳೆ. ಅಪ್ಪ ಹೈದರಾಬಾದಿನಲ್ಲಿ ದುಡಿಯುತ್ತಾನೆ. ಮನೆಯಲ್ಲಿರುವ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಹಾಗಾಗಿ ಎರಡೂ ಹೊತ್ತು ಔಷಧ ಹಾಕುವವಳು ಇವಳೇ.

ನನ್ನ ಭಯಕ್ಕೆ ಎರಡು ಬಾಯಿಗಳಿದ್ದವು. ಡಾಕ್ಟರು ನಾಲ್ಕು ಎಂದಿದ್ದರೆ ಆ ಕೂಸಿಗೆ ಇಷ್ಟು ದಿನ ಹೆಚ್ಚು ಹೋಗಿದೆ. ಐದು ಎಂದಿದ್ದರೆ, ಪಾಠ ಕೇಳಿದ ದಿನದಿಂದ ಕಡಿಮೆ ಹೋಗುತ್ತಿದೆ. ಯಾವುದು ಸರಿ ಎಂದು ನನಗೆ ತಿಳಿಯಲಿಲ್ಲ. ತಿಳಿಯದೆ ಅವಳಿಗೆ ಹೀಗೆ ಹಾಕು ಎಂದೂ ಹೇಳುವಂತಿಲ್ಲ, ಹಾಗೆ ಹಾಕು ಎಂದೂ ಹೇಳುವಂತಿಲ್ಲ. ಫಿಟ್ಸಿನ ಔಷಧವನ್ನು ನಮ್ಮ ಮನಸ್ಸಿಗೆ ಬಂದಂತೆ ಏರಿಸಿ ಇಳಿಸಬಾರದು ಎನ್ನುವಷ್ಟು ಮಾತ್ರ ನನಗೆ ಗೊತ್ತಿತ್ತು.

ಅವ್ವನ ಫೋನು ಮನೆಯಲ್ಲೇ ಇರುತ್ತದೆ, ತಮ್ಮ ಅದರಲ್ಲಿ ಆಡುತ್ತಾನೆ ಅಂದಳು. ಅವ್ವ ಆ ದಿನ ಹೆಂಗಸರ ಜೊತೆ ಟಂಟಂ ಆಟೋ ಹತ್ತಿ ಮನ್ನಾಏಖೇಳ್ಳಿ ಕಡೆ ತೊಗರಿ ಕೊಯ್ಯಲು ಹೋಗಿದ್ದಳು. ಹೆಡ್ ಮಾಸ್ತರರ ಹತ್ತಿರ ಓಡಿದೆ. ಅವರು ಎಲ್ಲವನ್ನೂ ಕೇಳಿ, "ಏನೂ ಆಗಂಗಿಲ್ರಿ. ನೀವು ಮೊದಲs ಅಂಜೋರು. ಹೋಗಿ ನೋಡಿ ಬರ್ರಿ, ನಿಮ್ಮ ಕ್ಲಾಸ್ ನಾ ನೋಡ್ಕೋತೀನಿ" ಅಂದರು. ಆ ಟಂಟಂನವನ ಫೋನು ನಂಬರು ಯಾರ ಹತ್ತಿರವಾದರೂ ಸಿಕ್ಕರೆ ತಾಯಿಗೆ ಸುದ್ದಿ ಮುಟ್ಟಿಸಿ ಎಂದು ಅವರಿಗೆ ಹೇಳಿ, ಕಪಾಟಿನಲ್ಲಿದ್ದ ಎಂಎಲ್ ಗೆರೆಗಳ ಸಣ್ಣ ಕಪ್ಪನ್ನು ಚೀಲಕ್ಕೆ ಹಾಕಿಕೊಂಡು ಹುಡುಗಿಯ ಜೊತೆ ಹೊರಟೆ.

ಅವಳ ಮನೆ ಊರಿನ ಆ ತುದಿಗೆ. ದಾರಿಯಲ್ಲಿ ಅವಳು ಮೊದಮೊದಲು ನನ್ನ ಮುಂದೆ ಮುಂದೆ ಕುಣಿಯುತ್ತ ಹೋಗುತ್ತಿದ್ದಳು. ಟೀಚರು ಮನೆಗೆ ಬರುವುದೆಂದರೆ ಸಣ್ಣ ಮಾತೇ. ಆಮೇಲೆ ನನ್ನ ಮುಖ ನೋಡಿದಳು. ಹೆಜ್ಜೆ ಸಣ್ಣದಾಯಿತು.

"ನಾ ತಪ್ಪ ಮಾಡೇನೇನ್ರಿ?"

"ಇಲ್ಲವ್ವ."

"ಮತ್ತ ಯಾಕ ಓಡಾಕತ್ತೀರಿ?"

ನಾನು ಓಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಗ್ಯಾಸು, ಕೀಲಿ ಎಂದು ದಿನವೂ ಪಡುವ ಭಯವೆಲ್ಲ ಒಂದು ಆಟದಂತೆ ಕಂಡಿತು. ಅಂಜಿ ಅಂಜಿ ನನಗೆ ಅಭ್ಯಾಸವಾಗಿದೆ ಅಂದುಕೊಂಡಿದ್ದೆ. ನಿಜವಾದ ಅಂಜಿಕೆ ಬಂದಾಗ ಅದಕ್ಕೆ ಯಾವ ಅಭ್ಯಾಸವೂ ಒದಗಲಿಲ್ಲ.

ಕೂಸು ಬಾಗಿಲಲ್ಲೇ ಕೂತಿತ್ತು. ಮೂರು ವರ್ಷದ ಗಂಡು ಮಗು, ಹಣೆಯ ಮೇಲೆ ದೊಡ್ಡ ಕಾಡಿಗೆ ಬೊಟ್ಟು, ಕೈಯಲ್ಲಿ ಫೋನು. ನನ್ನನ್ನು ನೋಡಿ ನಕ್ಕಿತು. ನನ್ನ ಜೀವ ತಿರುಗಿ ಬಂದಂತಾಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತು ಒಂದು ಚೊಂಬು ನೀರು ಕುಡಿದೆ. ಅದರ ಕೆನ್ನೆ ಮುಟ್ಟಿ ನೋಡಿದರೆ ಸ್ವಲ್ಪ ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಹುಡುಗಿ ಔಷಧದ ಬಾಟಲಿಯನ್ನೂ ಡ್ರಾಪರನ್ನೂ ತಂದಳು. ಬಾಟಲಿಯ ಮೇಲೆ ಔಷಧದ ಹೆಸರಿತ್ತು, ಈ ಕೂಸಿಗೆ ಎಷ್ಟು ಎಂದು ಯಾರೂ ಬರೆದಿರಲಿಲ್ಲ. ಡ್ರಾಪರಿನಿಂದ ನೀರು ತೆಗೆದು ಕಪ್ಪಿಗೆ ಹಾಕಿ ನೋಡಿದೆ. ಒಂದು ಡ್ರಾಪರಿಗೆ ಬರೋಬರಿ ಒಂದು ಎಂಎಲ್. ಅಂದರೆ ಮಾತು ನಾಲ್ಕು ಎಂಎಲ್ಲೋ ಐದು ಎಂಎಲ್ಲೋ ಎನ್ನುವುದು ಮಾತ್ರ. ಅಜ್ಜಿಯನ್ನು ಕೇಳಿದರೆ, "ನಾಕs ಯವ್ವ, ನಾಕ" ಅಂದಳು. ಲಾಭ ಹಿಡಿದೋ ಬಿಟ್ಟೋ ಎಂದು ಕೇಳಿದೆ. "ಲಾಭ ಯಾರ ಹಿಡೀತಾರ" ಅಂದಳು. ಅದರಿಂದ ನನಗೆ ಏನೂ ತಿಳಿಯಲಿಲ್ಲ. ಮನೆಯವರ ಬಾಯಲ್ಲಿ ನಾಲ್ಕು ಎಂದರೆ ಐದು ಎನ್ನುವುದಾದರೂ ನಿಜ. ಆದರೆ ಡಾಕ್ಟರ ಬಾಯಿಂದ ಬಂದ ಮಾತು ತಾಯಿಯ ಕಿವಿಗೆ ಯಾವ ಎಣಿಕೆಯಲ್ಲಿ ಬಿದ್ದಿದೆ ಎನ್ನುವುದು ತಾಯಿಗೇ ಗೊತ್ತು.

ಹೆಡ್ ಮಾಸ್ತರರಿಗೆ ಫೋನು ಹಚ್ಚುತ್ತಿದ್ದೆ. ಹಿಂದೆ ಕೂಸಿನ ಕೈಯ ಫೋನು ನೆಲಕ್ಕೆ ಬಿದ್ದ ಸದ್ದಾಯಿತು. ತಿರುಗಿದರೆ ಕೂಸಿನ ಕಣ್ಣು ಮೇಲಕ್ಕೆ ಹೋಗಿತ್ತು, ಕೈ ಬಿಗಿಯಾಗಿತ್ತು. ಒಂದು ಪಕ್ಕಕ್ಕೆ ವಾಲಿ ಬೀಳುತ್ತಿದ್ದ ತಲೆಯನ್ನು ಹುಡುಗಿ ಓಡಿಬಂದು ಅಂಗೈಯಲ್ಲಿ ಹಿಡಿದಳು.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಕೈಯಲ್ಲಿ ಕಪ್ಪು ಹಿಡಿದು ನಿಂತಿದ್ದೆ. ಹುಡುಗಿ ತಮ್ಮನನ್ನು ಮಗ್ಗುಲಿಗೆ ಮಲಗಿಸಿದಳು, ಕೊರಳ ಗುಂಡಿ ಬಿಚ್ಚಿದಳು. ಸದ್ದು ಕೇಳಿ ಪಕ್ಕದ ಮನೆಯ ಹೆಂಗಸು ಕೀಲಿಕೈ ಗೊಂಚಲು ಹಿಡಿದು ಬಂದಳು, ಕೂಸಿನ ಮುಷ್ಟಿಯಲ್ಲಿ ಕಬ್ಬಿಣ ಇಡಲು. "ಬ್ಯಾಡ್ರಿ ಕಾಕಿ, ಡಾಕ್ಟರ್ ಬ್ಯಾಡಂದಾರ" ಎಂದು ಹುಡುಗಿ ಅವಳನ್ನು ತಡೆದಳು. ಎಲ್ಲವೂ ಅವಳಿಗೆ ಗೊತ್ತಿತ್ತು. ಅವ್ವ ಕಲಿಸಿದ್ದಳು. ಫಿಟ್ಸು ಬಂದರೆ ನಿಲ್ಲುವ ತನಕ ಎಣಿಸಬೇಕು, ಎಷ್ಟು ಹೊತ್ತು ಬಂತೆಂದು ಡಾಕ್ಟರು ಕೇಳುತ್ತಾರೆ ಎಂದೂ ಕಲಿಸಿದ್ದಳು.

ಹುಡುಗಿ ಎಣಿಸಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ನಿಂತಿತು. ತಮ್ಮನ ತಲೆ ಅವಳ ಕೈಯಲ್ಲಿ ಅದುರುತ್ತಿತ್ತು. ಅವಳು ಕತ್ತು ಎತ್ತಿ ನನ್ನನ್ನು ನೋಡಿದಳು.

"ಟೀಚರ್‌ರಿ, ಲಾಭ ಅನ್ಲೇನ್ರಿ, ಒಂದು ಅನ್ಲೇನ್ರಿ?"

"ಲಾಭ ಅನ್ನು" ಅಂದೆ. ಅವಳು ಲಾಭ ಅಂದಳು, ಒಂದು ಅಂದಳು, ಎರಡು ಅಂದಳು. ನಾನೂ ಅವಳ ಜೊತೆ ಎಣಿಸಿದೆ. ಕೂಸಿನ ತುಟಿ ನೀಲಿಯಾಗುತ್ತಿತ್ತು. ಎಣಿಕೆ ನೂರು ದಾಟಿ ಇನ್ನೂ ಹೋಗುತ್ತಿತ್ತು. ಈ ಎಣಿಕೆಗೆ ಕೊನೆಯೇ ಇಲ್ಲವೇನೋ ಎಂದು ನನಗೆ ಅನ್ನಿಸಿತು. ಅಷ್ಟರಲ್ಲಿ ಬಿಗಿ ಸಡಿಲಾಯಿತು. ಕೂಸು ದೊಡ್ಡದೊಂದು ಉಸಿರು ಎಳೆದು ಸುಸ್ತಾಗಿ ನಿದ್ದೆಗೆ ಜಾರಿತು.

ಊರಲ್ಲಿದ್ದ ಒಂದು ಟಂಟಂ ಹಿಡಿದು ಹುಮನಾಬಾದಿಗೆ ಹೊರಟೆವು. ಕೂಸು ನನ್ನ ತೊಡೆಯ ಮೇಲಿತ್ತು. ಅದರ ಮೂಗಿನ ಮುಂದೆ ಬೆರಳು ಹಿಡಿದುಕೊಂಡೇ ಕೂತಿದ್ದೆ. ಗಾಡಿ ಅಲುಗಾಡಿದಾಗ ಉಸಿರು ತಾಕದಿದ್ದರೆ ಬೆರಳನ್ನು ಇನ್ನೂ ಹತ್ತಿರ ಒಯ್ಯುತ್ತಿದ್ದೆ. ಹುಡುಗಿ ಎದುರಿನ ಸೀಟಿನಲ್ಲಿ ಔಷಧದ ಬಾಟಲಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ದವಾಖಾನೆಯಲ್ಲಿ ಡಾಕ್ಟರು ಕೂಸನ್ನು ನೋಡುತ್ತಿರುವಾಗ ತಾಯಿ ಬಂದಳು. ಹೆಡ್ ಮಾಸ್ತರರು ಹೇಗೋ ಸುದ್ದಿ ಮುಟ್ಟಿಸಿದ್ದರು. ತಲೆಗೆ ಕಟ್ಟಿದ ಬಟ್ಟೆ ಹಾಗೆಯೇ ಇತ್ತು, ಸೀರೆಯ ತುಂಬ ತೊಗರಿಯ ಹೊಟ್ಟು. ಮಗನ ಎದೆಯ ಮೇಲೆ ಕೈ ಇಟ್ಟು ನಿಂತಳು. ಅವಳ ಉಸಿರು ಹದಕ್ಕೆ ಬಂದ ಮೇಲೆ ನಾನು ಕೇಳಿದೆ.

"ಅಕ್ಕಾ, ಡಾಕ್ಟರ್ ಎಷ್ಟ ಹೇಳ್ಯಾರ ಔಷಧ?"

"ಐದ್‌ರಿ."

"ಮತ್ತ ಮಗಳಿಗಿ ನಾಕ ಅಂದೀರಂತ?"

"ಆಕಿ ಲಾಭ ಹಾಕಿ ನಾಕ ಹಾಕ್ತಾಳ್ರಿ. ಐದು ಅಂದ್ರ ಆರು ಹಾಕ್ತಿದ್ದಳಲ್ರಿ. ಅದಕ್ಕ ನಾಕ ಅಂದೇನಿ." ಅವಳು ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು. "ಯಾಕ್ರಿ?"

ನಾನು ಹೇಳಿದೆ. ಅಂಗಳ, ಬಕೆಟ್ಟು, ಚಪ್ಪಾಳೆ, ಯಾವುದನ್ನೂ ಬಿಡದೆ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಹುಡುಗಿ ಕಲತದ್ದ ಮನ್ಯಾಗ ಮಾಡ್ಯಾಳ. ಏನ್ ಮಾಡ್ಬೇಕ್ರಿ" ಎಂದು ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. ಹುಡುಗಿಯ ಕೈ ಮಾತ್ರ ಬಾಟಲಿಯನ್ನು ಬಿಡಲಿಲ್ಲ.

ಕೂಸಿಗೆ ಜ್ವರ ಏರಿತ್ತು. ಫಿಟ್ಸು ಜ್ವರದಿಂದಲೂ ಬಂದಿರಬಹುದು, ಔಷಧ ಕಡಿಮೆಯಾಗಿದ್ದರಿಂದಲೂ ಬಂದಿರಬಹುದು, ಇದೇ ಕಾರಣವೆಂದು ಹೇಳಲಾಗದು ಅಂದರು ಡಾಕ್ಟರು. ಐದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂದು ಗೆರೆಗಳಿದ್ದ, ಸೂಜಿಯಿಲ್ಲದ ಒಂದು ಪಿಚಕಾರಿ ಕೊಟ್ಟರು. ರಾತ್ರಿ ಅಲ್ಲೇ ಇಟ್ಟುಕೊಂಡು ಮರುದಿನ ಮನೆಗೆ ಕಳಿಸಿದರು. ಜ್ವರದಿಂದಲೂ ಇರಬಹುದು ಎಂಬ ಆ ಮಾತನ್ನು ನಾನು ಬಹಳ ಸಲ ನೆನೆದಿದ್ದೇನೆ. ಅದರಿಂದ ಭಯ ಕಡಿಮೆಯಾಗಿಲ್ಲ. ಖಚಿತವಾಗಿ ಗೊತ್ತಾಗಿದ್ದರೆ ಅತ್ತೋ ಸಮಾಧಾನ ಮಾಡಿಕೊಂಡೋ ಮುಗಿಸಿಬಿಡುತ್ತಿದ್ದೆ.

ಮರುದಿನ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಕೂಸು ಜಿಗಿದಾಡುತ್ತಿರಲಿಲ್ಲ, ಆದರೆ ಕೂತು ಬಿಸ್ಕೀಟು ತಿನ್ನುತ್ತಿತ್ತು. ಔಷಧದ ಹೊತ್ತಾಗಿತ್ತು. ತಾಯಿ ಆ ದಿನ ಕೂಲಿಗೆ ಹೋಗಿರಲಿಲ್ಲ. "ನಾಳಿಂದ ನಾ ಹೋಗಾಕs ಬೇಕು. ನೀನs ಹಾಕಬೇಕಲ್ಲ, ತಗೋ" ಎಂದು ಬಾಟಲಿಯನ್ನು ಮಗಳ ಮುಂದೆ ಹಿಡಿದಳು. ಹುಡುಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು. ಅವ್ವ ಗದರಿದಳು, ಮುದ್ದು ಮಾಡಿದಳು. ಕೈ ಮುಂದೆ ಬರಲಿಲ್ಲ.

ಈ ಹುಡುಗಿ ಹಾಕದಿದ್ದರೆ ಆ ಮನೆಯಲ್ಲಿ ಹಾಕುವವರು ಬೇರೆ ಯಾರೂ ಇರಲಿಲ್ಲ. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಪಿಚಕಾರಿಯಲ್ಲಿ ನೀರು ಎಳೆದು ತೋರಿಸಿದೆ. "ಇದರಾಗ ಎಣಿಸೋದs ಇಲ್ಲವ್ವ. ಲಾಭನೂ ಬ್ಯಾಡ, ಒಂದೂ ಬ್ಯಾಡ. ಈ ಐದರ ಗೆರಿ ತನ ಒಮ್ಮೆ ಎಳೀಬೇಕು. ಗೆರಿ ನೋಡಿದ್ರ ಸಾಕು."

ಅವಳು ಬಗ್ಗಿ ಆ ಗೆರೆಯನ್ನು ನೋಡಿದಳು.

"ಈ ಗೆರಿ ಯಾರ್ ಹಾಕ್ಯಾರ್ರಿ?"

"ಕಂಪನಿಯವರು."

"ಅವರ ಮನ್ಯಾಗ ಲಾಭ ಎಣಿಸ್ತಾರೇನ್ರಿ?"

ತಾಯಿ ನಕ್ಕಳು. ಅಜ್ಜಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಅದು ನನ್ನ ಪ್ರಶ್ನೆ. ಕೀಲಿ ಹಾಕಿದ ಮೇಲೂ ಹಾಕಿದೆನೋ ಇಲ್ಲವೋ ಎಂದು ನಾನು ದಿನವೂ ಕೇಳುವ ಪ್ರಶ್ನೆ, ಈಗ ಒಂಬತ್ತು ವರ್ಷದ ಹುಡುಗಿಯ ಬಾಯಿಂದ ಬರುತ್ತಿತ್ತು.

"ಎಣಿಸ್ತಾರವ್ವ" ಅಂದೆ. ನನ್ನ ಮನೆಯವರು ಅಂಗಡಿಯಲ್ಲಿ ಕೂತು ಫೋನಿನಲ್ಲಿ ಹೇಳುವ ಹಾಗೆಯೇ, ನೋಡದೆ ಹೇಳಿದೆ.

ಅವಳು ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು ಲಂಗಕ್ಕೆ ಒರೆಸಿಕೊಂಡಳು. ಗೆರೆಯ ತನಕ ಔಷಧ ಎಳೆದಳು. ಬೆಳಕಿಗೆ ಹಿಡಿದು ನೋಡಿದಳು. ಮತ್ತೊಮ್ಮೆ ನೋಡಿದಳು. ಅವ್ವನಿಗೆ ತೋರಿಸಿದಳು, ನನಗೆ ತೋರಿಸಿದಳು, ಇನ್ನೂ ಒಮ್ಮೆ ತಾನೇ ನೋಡಿದಳು. ಆಮೇಲೆ ತಮ್ಮನ ಬಾಯಿಗೆ ಹಾಕಿದಳು.

ಸಂಜೆ ಬಸವಕಲ್ಯಾಣದಲ್ಲಿ ಬಸ್ಸು ಇಳಿದವಳು ಮನೆಗೆ ಹೋಗುವ ಮುಂಚೆ ಮೆಡಿಕಲ್ಲಿಗೆ ಹೋಗಿ ಅಂಥವೇ ಎರಡು ಪಿಚಕಾರಿ ಕೊಂಡೆ. ಅಡುಗೆಮನೆಯಲ್ಲಿ ನಿಂತು ಒಂದರಲ್ಲಿ ಐದರ ಗೆರೆಯ ತನಕ ನೀರು ಎಳೆದು ಇನ್ನೊಂದಕ್ಕೆ ಹಾಕಿ ನೋಡಿದೆ. ಸರಿಯಿತ್ತು. ತಿರುಗಿಸಿ ಮತ್ತೆ ಹಾಕಿ ನೋಡಿದೆ.